ಚಾಚಾ ಕೂಗುತ್ತಿದ್ದ ಊರುಗಳು

ಕಳೆದ ವಾರ ಡಾಕ್ಟರು ಬರೆದುಕೊಟ್ಟ ಕಾಗದ ಎಲ್ಲಿಟ್ಟೆನೆಂದು ಹುಡುಕುತ್ತಾ ಹಳೆಯ ಸ್ವೆಟರಿನ ಜೇಬಿಗೆ ಕೈ ಹಾಕಿದೆ. ಕಾಗದ ಸಿಗಲಿಲ್ಲ, ಬಸ್ ಕಂಡಕ್ಟರರ ಸೀಟಿಯೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಲವಂಗದ ವಾಸನೆ ಇನ್ನೂ ಇತ್ತು, ಅಥವಾ ಇರಲಿ ಎಂದು ನನಗನಿಸಿತೋ...

ಅದು ಚಾಚಾ ಅವರದು. ಜೇವರ್ಗಿಯಲ್ಲಿ ನಮ್ಮ ಗೋಡೆಗೆ ಅವರ ಗೋಡೆ. ನಿವೃತ್ತ ಕಂಡಕ್ಟರ್. ಬಾಯಲ್ಲಿ ಸದಾ ಒಂದು ಲವಂಗ. ಅರವತ್ತೈದು ದಾಟಿದ ಮೇಲೆ ಒಮ್ಮೆ ಎದೆನೋವಿನಿಂದ ಆಸ್ಪತ್ರೆ ಸೇರಿ ಬಂದಿದ್ದರು. ಕೆಲವು ವಾರಗಳಾದ ಮೇಲೆ ದಿನಾ ನಡೆಯಲು ಹೇಳಿದ ಡಾಕ್ಟರು ಒಂದು ನಿಯಮವನ್ನೂ ಹೇಳಿದ್ದರು: ನಡೆಯುವಾಗ ಮಾತಾಡಲು ಬರಬೇಕು. ಮಾತು ತುಂಡಾದರೆ ನಿಧಾನಿಸಬೇಕು, ಎದೆ ಬಿಗಿದರೆ ನಿಂತುಬಿಡಬೇಕು. ಮಾತಾಡಬೇಕೆಂದರೆ ಕೇಳಲು ಒಬ್ಬರು ಬೇಕಲ್ಲ. ಚಾಚಾ ನೇರ ನಮ್ಮ ಬಾಗಿಲಿಗೆ ಬಂದರು.

"ಒಬ್ನ ಮಾತಾಡ್ಕೋತ ಹೋದ್ರ ಮಂದಿ ಏನಂತಾರ್ರಿ ಮಾಸ್ತರ್ರ? ನೀವು ಸುಮ್ನ ಬಾಜೂಕ ಬರ್ರಿ. ಟಿಕೆಟ್ ಕೇಳಂಗಿಲ್ಲ."

ಆಳನ್ನು ಆರಿಸುವುದರಲ್ಲಿ ಅವರು ತಪ್ಪಿದರು. ನಾನು ಶಾಲೆಯ ಹಾಜರಿ ಕರೆಯುವಾಗಲೂ ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ನೋಡಿಕೊಳ್ಳುವವನು.

ಬಿಸಿಲೇರುವ ಮೊದಲೇ ಹೊರಡುತ್ತಿದ್ದೆವು. ಗೇಟು ದಾಟುತ್ತಲೇ ಅವರು "ರೈಟ್ ರೈಟ್" ಎನ್ನುತ್ತಿದ್ದರು. ಮೊದಲ ಹತ್ತು ನಿಮಿಷ ಸ್ಟ್ಯಾಂಡಿನಿಂದ ಹೊರಬರುವ ಬಸ್ಸಿನ ಹಾಗೆ ನಿಧಾನ, ಆಮೇಲೆ ತುಸು ಜೋರು, ಮನೆ ಹತ್ತಿರ ಬಂದಂತೆ ಮತ್ತೆ ನಿಧಾನ. ಮಾತಿಗೆ ವಿಷಯ ಮುಗಿದರೆ ಊರುಗಳನ್ನು ಕೂಗುತ್ತಿದ್ದರು. "ಕಟ್ಟಿಸಂಗಾವಿ, ಫರಹತಾಬಾದ, ಕಲಬುರಗಿ... ಕಡಗಂಚಿ, ಆಳಂದ, ಮಟಕಿ, ಕಿಣ್ಣಿ ಸುಲ್ತಾನ." ಇಂಥ ಒಂದು ಬಸ್ಸು ಎಂದೂ ಓಡಿರಲಿಲ್ಲ. ತಾವು ದುಡಿದ ರೂಟುಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿಕೊಂಡಿದ್ದರು. ಕಿಣ್ಣಿ ಸುಲ್ತಾನದವರೆಗೆ ಏದುಸಿರಿಲ್ಲದೆ ತಲುಪಿದರೆ ಅಂದಿನ ನಡಿಗೆ ಸರಿಯಾದ ವೇಗದಲ್ಲಿದೆ ಎಂದು ಲೆಕ್ಕ. ಕಡು ಬೇಸಿಗೆಯಲ್ಲಿ ಹೊರಗೇ ಹೋಗುತ್ತಿರಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ಎತ್ತಿ ಇಳಿಸುತ್ತ ಅವೇ ಊರುಗಳನ್ನು ಕೂಗುವುದು. ಎದುರು ಕುರ್ಚಿಯಲ್ಲಿ ನಾನೂ ಕಾಲೆತ್ತುತ್ತಿದ್ದೆ. ಚಾಚಿ ಒಳಗಿನಿಂದ, "ಇಬ್ರೂ ಎಲ್ಲಿಗಿ ಹೊಂಟೀರಿ, ಹೇಳಿ ಹೋಗ್ರಿ," ಎಂದು ನಗುತ್ತಿದ್ದರು.

ಸೀಟಿ ಕೊಟ್ಟದ್ದು ಆ ದಿನಗಳಲ್ಲೇ. "ನನಗೇನರ ಆದ್ರ ಇದನ್ನ ಊದ್ರಿ. ನಿಮ್ಮ ದನಿ ಆಗ ಹೊರಗ ಬರಂಗಿಲ್ಲ."

ಒಂದು ಬೆಳಿಗ್ಗೆ ಹೊಸ ಬಡಾವಣೆಯ ಏರು ಹತ್ತುತ್ತಿದ್ದೆವು. ಕಡಗಂಚಿ ಎಂದವರು ಸುಮ್ಮನಾದರು. ನಿಂತರು. ಕಂಬಕ್ಕೆ ಕೈ ಊರಿದರು. ನನ್ನ ದನಿ ಚೆನ್ನಾಗಿಯೇ ಹೊರಗೆ ಬಂತು. ಚಹಾದಂಗಡಿಯವರು, ಹಾಲಿನವರು ಎಲ್ಲರೂ ಓಡಿ ಬಂದರು. ಚಾಚಾ ಕೈಯಾಡಿಸಿ ಏನೋ ಹೇಳುತ್ತಲೇ ಇದ್ದರು, ಕೇಳುವವರಾರು? ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದೆವು. ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ. ಏರಿನಲ್ಲಿ ಉಸಿರು ಸಾಲದಾಗಿತ್ತು, ನಿಯಮದಂತೆ ನಿಂತಿದ್ದರು, ಅಷ್ಟೇ. ಡಾಕ್ಟರು ಅವರ ಬೆನ್ನು ತಟ್ಟಿದರು. ನಂತರ ನನ್ನ ಬಿಪಿ ನೋಡಿದರು.

"ಬ್ರೇಕ್ ಹಾಕಿದ್ದಕ್ಕ ಬಸ್ಸಿನಿಂದ ಜಿಗದ್ ಬಿಟ್ರಲ್ರೀ ಮಾಸ್ತರ್ರ," ಎಂದು ಚಾಚಾ ದಾರಿಯುದ್ದಕ್ಕೂ ನಕ್ಕರು.

ನಾನು ನಿಜವಾಗಿ ಜಿಗಿದದ್ದು ಆಮೇಲೆ. ಮರುದಿನ ಮೊಣಕಾಲು ನೋವೆಂದೆ. ಅದರ ಮರುದಿನ ಶಾಲೆಯ ಕೆಲಸ. ನನ್ನ ಪಕ್ಕದಲ್ಲೇ ಅವರಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ನನಗೆ. ಅದನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಕೆಲವು ದಿನ ನಮ್ಮ ಗೇಟಿನ ಹತ್ತಿರ ಚಪ್ಪಲಿ ಸದ್ದು ನಿಲ್ಲುತ್ತಿತ್ತು, ತುಸು ಹೊತ್ತಿಗೆ ವಾಪಸು ಹೋಗುತ್ತಿತ್ತು. ನಾನು ಪರದೆಯ ಹಿಂದೆ ನಿಂತಿರುತ್ತಿದ್ದೆ.

"ನಡಿಯಾಕ ಹೋಗ್ರಿ ಅಂದ್ರ, ಪ್ಯಾಸೆಂಜರ್ ಇಲ್ಲದ ಬಸ್ ಎಲ್ಲಿಗಿ ಬಿಡ್ಲಿ ಅಂತಾರ," ಎಂದು ಚಾಚಿ ಒಮ್ಮೆ ಗೋಡೆಯಾಚೆಯಿಂದ ಹೇಳಿದರು. ನಾಳೆ ಬರುತ್ತೇನೆ ಎಂದೆ. ಆ ನಾಳೆ ಬರುವ ಮೊದಲೇ ಅವರ ಮಗಳು ಬಂದು ಇಬ್ಬರನ್ನೂ ಆಳಂದಕ್ಕೆ ಕರೆದುಕೊಂಡು ಹೋದಳು. ಮುಂದಿನ ಚಳಿಗಾಲದಲ್ಲಿ ಚಾಚಾ ಹೋಗಿಬಿಟ್ಟರೆಂದು ಸುದ್ದಿ ಬಂತು. ಜ್ವರವಂತೆ, ಎದೆಯದಲ್ಲವಂತೆ. ನನ್ನಿಂದ ಆಯಿತೆಂದು ಯಾರೂ ಅನ್ನಲಿಲ್ಲ. ಆ ಕೆಲಸಕ್ಕೆ ನಾನೊಬ್ಬನೇ ಸಾಕು.

ಈಗ ಡಾಕ್ಟರು ನನಗೂ ಅದೇ ನಿಯಮ ಬರೆದುಕೊಟ್ಟಿದ್ದಾರೆ. ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆ ಒಬ್ಬನೇ ಹೊರಡುತ್ತೇನೆ. ಕಟ್ಟಿಸಂಗಾವಿ, ಫರಹತಾಬಾದ, ಕಲಬುರಗಿ ಎಂದು ತುಟಿಯಲ್ಲೇ ಅನ್ನುತ್ತೇನೆ. ಅಂಗಳ ಗುಡಿಸುವವರು ಕಸಬರಿಗೆ ನಿಲ್ಲಿಸಿ ನೋಡುತ್ತಾರೆ. ಆ ಏರಿಗೆ ಬಂದಾಗ, ಕಡಗಂಚಿ ಅಂದು, ಉಸಿರು ಇದ್ದರೂ ಸುಮ್ಮನಾಗುತ್ತೇನೆ. ಕಂಬಕ್ಕೆ ಕೈ ಊರಿ ನಿಲ್ಲುತ್ತೇನೆ, ಪಕ್ಕದಲ್ಲಿ ಯಾರಾದರೂ ಗಾಬರಿಯಾಗಿ ಕೂಗಿಕೊಂಡಾರೇನೋ ಎಂದು...

ಸ್ವಲ್ಪ ಹೊತ್ತು ಬಿಟ್ಟು, ಆಳಂದ ಎನ್ನುತ್ತಾ ನಡೆಯುತ್ತೇನೆ.