ಮರ ತಟ್ಟಿದ ಸದ್ದು

ನಾನು ಕಂಡಿದ್ದೆ, ಗಿರಿಜಾ. ನೀನು ವೇದಿಕೆಯ ಹಲಗೆಯನ್ನು ಅಂಗೈಯಿಂದ ತಟ್ಟಿದ್ದು ಕಂಡಿತ್ತು, ಕೇಳಿಸಿಯೂ ಇತ್ತು. ಆದರೂ ನಾನು ಸಂಗೀತ ನಿಲ್ಲಿಸಲಿಲ್ಲ.

ಮರ ತಟ್ಟುವ ಆ ಸನ್ನೆ ನಿನ್ನ ಮನೆಯದು. ಮೊಳಕಾಲ್ಮೂರಿನಲ್ಲಿ ನಿಮ್ಮಪ್ಪ ಮಗ್ಗದಲ್ಲಿ ಕೂತರೆ, ಸೀರೆಯ ಅಂಚಿನ ಲಾಳಿ ಎಸೆಯಲು ನೀನು ಪಕ್ಕದಲ್ಲಿ. ಎಳೆ ಕಡಿದದ್ದು ಯಾರ ಕಣ್ಣಿಗೆ ಬಿದ್ದರೂ ಅವರು ಮಗ್ಗದ ಮರ ತಟ್ಟಬೇಕು. "ತಟ್ಟಿದ್ರೆ ಯಾಕೆ ಅಂತ ಕೇಳಂಗಿಲ್ಲ ಕಣೇ, ಮೊದ್ಲು ಕೈ ನಿಲ್ಸಬೇಕು," ಎಂದು ನೀನೇ ಕಲಿಸಿದ್ದೆ.

ನಿನ್ನೊಳಗಿನ ಆತಂಕವನ್ನು ನೃತ್ಯವಾಗಿಸೋಣ ಎಂದವಳು ನಾನು. ಕಾಲೇಜಿನ ಬಸ್ಸು ತಳಕು ಊರನ್ನು ದಾಟುವಾಗ ನಿನ್ನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು, ಹೆಗಲು ಕಿವಿಯತ್ತ ಏರುತ್ತಿತ್ತು, ಉಸಿರು ಗಂಟಲಿನ ಕೆಳಗೇ ಸಿಕ್ಕಿಕೊಳ್ಳುತ್ತಿತ್ತು — ಅವನ್ನೆಲ್ಲ ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೆ. ಒಂದೊಂದನ್ನೂ ಹೆಜ್ಜೆಗೆ ಹೊಂದಿಸಿದೆ. ಅಭ್ಯಾಸ ನೋಡಿದ ನಿಮ್ಮವ್ವ ನಕ್ಕಿದ್ದರು: "ಚೇಳು ಕಡ್ದೋರಂಗೆ ಆಡ್ತೀಯಲ್ಲೇ, ಇದ್ನ ಜನ ಕುಂತು ನೋಡ್ತಾರಾ?"

"ಚೇಳಿನ ವಿಷ ಇಳೀತೈತವ್ವ, ಇದು ಇಳಿಯಲ್ಲ," ಎಂದಿದ್ದೆ ನೀನು.

ಕುಣಿಯುವಾಗ ಆ ಆತಂಕ ನಿಜವಾಗಿಯೇ ಬಂದುಬಿಟ್ಟರೆ ಎಂದು ನಾನು ಕೇಳಿದೆ. ಆಗ ಹಲಗೆ ತಟ್ಟುತ್ತೇನೆ, ಸಂಗೀತ ನಿಲ್ಲಿಸು ಎಂದವಳು ನೀನು. ಅಷ್ಟೇ ನಮ್ಮ ಒಪ್ಪಂದ.

ಚಳ್ಳಕೆರೆಯ ಆ ಸಂಜೆ, ಎಣ್ಣೆ ಮಿಲ್ಲಿನ ಹಿಂದಿನ ಸಭಾಂಗಣ. ನಾನು ವೇದಿಕೆಯ ಪಕ್ಕದಲ್ಲಿ ಸಂಗೀತ ನೋಡಿಕೊಳ್ಳುತ್ತಿದ್ದೆ. ನೀನು ಮಂಡಿಯೂರಿದೆ, ತಟ್ಟಿದೆ. ನನ್ನತ್ತ ತಿರುಗಿ ಮತ್ತೆ ತಟ್ಟಿದೆ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಬಂದು ಕೂತಿದ್ದರು. ಆ ಮೌನ — ಅದು ನಾನು ಕಟ್ಟಿದ್ದು ಅನ್ನಿಸಿತು. ಇನ್ನೊಂದಿಷ್ಟು, ಈ ತಮಟೆಯ ಪೆಟ್ಟು ಮುಗಿಯುವವರೆಗೆ...

ನಾನು ಕಣ್ಣು ತಗ್ಗಿಸಿದೆ. ಹೌದು, ಬೇಕೆಂದೇ.

ತಲೆ ಎತ್ತಿದಾಗ ನೀನು ಹಿಂದೆ ಹಿಂದೆ ಸರಿಯುತ್ತಿದ್ದೆ. ನಾನು ಕೂಗಲು ಬಾಯಿ ತೆರೆದೆ; ಅಷ್ಟರಲ್ಲಿ ನಿನ್ನ ಹಿಮ್ಮಡಿಯ ಕೆಳಗೆ ವೇದಿಕೆ ಮುಗಿದಿತ್ತು. ನೀನು ಬಿದ್ದ ಸದ್ದಿನ ಮೇಲೆಯೇ ಜನ ಚಪ್ಪಾಳೆ ತಟ್ಟಿದರು — ಅವರ ಪಾಲಿಗೆ ಅದು ನೃತ್ಯದ ಕೊನೆ. ಇಂದಿಗೂ ಯಾರಾದರೂ ಚಪ್ಪಾಳೆ ತಟ್ಟಿದರೆ ನನ್ನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ.

ಆಸ್ಪತ್ರೆಯಲ್ಲಿ, ಮುರಿದ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ನೀನು ಕೇಳಿದೆ: "ನಾನು ತಟ್ಟಿದ್ದು ಕಾಣಲಿಲ್ಲೇನೇ?"

"ಲೈಟು ಕಣ್ಣಿಗೆ ಹೊಡೀತಿತ್ತು ಕಣೇ."

"ಹೋಗ್ಲಿ ಬಿಡು. ಕಂಡಿದ್ರೆ ನಿಲ್ಸೇ ನಿಲ್ಸ್ತಿದ್ದೆ ನೀನು."

ಆ ಮಾತನ್ನು ನಾನು ತಿದ್ದಲಿಲ್ಲ. ವರ್ಷಗಳು ಹೋದವು. ಮಗ್ಗದ ಲಾಳಿ ಎಸೆಯಲು ಆ ಕೈ ಇನ್ನೂ ಪೂರ್ತಿ ಏಳುವುದಿಲ್ಲ ಎಂದು ನಿಮ್ಮವ್ವ ಹೇಳುವಾಗಲೂ ಸುಮ್ಮನಿದ್ದೆ.

ಮೊನ್ನೆ ನೀನು ಫೋನು ಮಾಡಿದೆ. ಅದೇ ನೃತ್ಯವನ್ನು ಏಳದ ಆ ಕೈಯಿಂದಲೇ ಮತ್ತೆ ಕಟ್ಟಿದ್ದೀಯಂತೆ. "ಹಾಡಿನ ಹತ್ರ ನೀನೇ ಕುಂತ್ಕಬೇಕು. ಬ್ಯಾರೇರ್ನ ನಂಬಂಗಿಲ್ಲ ನಾನು."

ಯಾರನ್ನು ಕೂರಿಸುತ್ತಿದ್ದೀಯ ಎಂಬುದು ವೇದಿಕೆ ಹತ್ತುವ ಮೊದಲು ನಿನಗೆ ಗೊತ್ತಿರಬೇಕು. ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಬರುತ್ತೇನೆ. ಮಗ್ಗದ ಪಕ್ಕ ಕೂತು, ಲೈಟಿನ ಸುಳ್ಳಿನಿಂದ ಶುರುಮಾಡಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಡುವೆ ನೀನು ಮರ ತಟ್ಟಿದರೆ ನಿಲ್ಲಿಸುತ್ತೇನೆ — ಯಾಕೆ ಎಂದು ಕೇಳುವುದಿಲ್ಲ.