ಬಾಗಿಲು ತಟ್ಟುವವಳ ಮೊಮ್ಮಗಳು

ಚಳಿಗಾಲದ ಬೆಳಗಿನ ಜಾವ. ಆಸ್ಪತ್ರೆಯ ಹಿಂಬದಿಯ ಶವಾಗಾರದ ಮುಂದೆ ನೀರಕ್ಕ ನಿಂತಿದ್ದಾಳೆ, ಕೈಯಲ್ಲಿ ಬಿಸಿನೀರಿನ ಬಕೆಟ್ಟು. ಬೀಗದ ಕೈ ಸೊಂಟದಲ್ಲೇ ಇದ್ದರೂ ಮೊದಲು ಬಾಗಿಲು ತಟ್ಟುತ್ತಾಳೆ, ಕಿವಿಗೊಡುತ್ತಾಳೆ, ಆಮೇಲೆ ತೆರೆಯುತ್ತಾಳೆ. ಹೆಣ ತೊಳೆದು, ಹೊದಿಸಿ, ಮನೆಯವರಿಗೆ ಒಪ್ಪಿಸುವುದು ಅವಳ ಕೆಲಸ. ನಾನು ಇಲ್ಲಿ ಗೇಟು ಕಾಯುತ್ತಿದ್ದ ಕಾಲದಿಂದಲೂ ಇದೇ ಕ್ರಮ.

“ಒಳಗಿರೋರು ಓಗೊಡ್ತಾರಾ ಅಕ್ಕಾ?” ಎಂದು ವಾರ್ಡಿನವರು ಛೇಡಿಸುತ್ತಾರೆ.

“ಓಗೊಟ್ರೆ ಮೊದಲು ನಿಮ್ಮನ್ನೇ ಕೇಳ್ತಾರೆ, ಯಾಕಪ್ಪಾ ಇಷ್ಟು ಬೇಗ ಇಲ್ಲಿಗೆ ಕಳಿಸಿದ್ರಿ ಅಂತ.”

ತಟ್ಟುವುದು ಅವಳ ಅಜ್ಜಿಯಿಂದ ಬಂದದ್ದು. ಊರಿಗೆ ಪ್ಲೇಗು ಬಂದ ವರ್ಷ ಅಜ್ಜಿ ನಸುಕಿನಲ್ಲಿ ನೀರಿನ ಕೊಡ ಹೊತ್ತು ಮನೆಮನೆಯ ಬಾಗಿಲು ತಟ್ಟುತ್ತಿದ್ದಳಂತೆ. ಓಗೊಟ್ಟವರಿಗೆ ನೀರು. ಓಗೊಡದ ಮನೆಯಿಂದ ಹೆಣವನ್ನು ಅವಳೇ ಹೊರಗೆ ತರುತ್ತಿದ್ದಳು. ಜನ ನೋಡಿದ್ದು ಹೆಣವನ್ನು ಮಾತ್ರ. ಅವಳು ತಟ್ಟಿದ ಮನೆಗೆ ಸಾವು ಖಂಡಿತ ಎಂಬ ಮಾತು ಹುಟ್ಟಿ ಕಥೆಯಾಗಿ ಬೆಳೆಯಿತು. ನೀರಕ್ಕನ ಬೀದಿಯಲ್ಲೇ ಇವತ್ತಿಗೂ ತಾಯಂದಿರು ಹಟ ಮಾಡುವ ಮಕ್ಕಳಿಗೆ “ತಟ್ಟೋಳು ಬರ್ತಾಳೆ, ಮಲಗು” ಎನ್ನುತ್ತಾರೆ.

ಆ ಕಥೆಯ ಬೆನ್ನು ಹತ್ತಿ ನೀರಕ್ಕನ ತಮ್ಮನ ಮಗಳು ಅವಳ ಮನೆಗೆ ಬಂದು ಉಳಿದಿದ್ದಳು. ಮಕ್ಕಳಿಗಾಗಿ ಮಾಯಾಲೋಕದ ಪುಸ್ತಕ ಬರೆಯುವವಳು. ಆ ಲೋಕಕ್ಕೂ ಒಂದು ಚರಿತ್ರೆ ಬೇಕಂತೆ. ಊರೂರಿನ ಹಳೆಯ ಕಥೆಗಳನ್ನು ಆರಿಸಿ, ಯಾವ ವರ್ಷ ಏನಾಯಿತೆಂದು ಉದ್ದನೆಯ ಹಾಳೆಯಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ್ದಳು. ಮೊದಲ ಸಾಲು: ‘ಬಾಗಿಲು ತಟ್ಟುವ ಮಾಟಗಾತಿ ಲೋಕಕ್ಕೆ ಸಾವನ್ನು ತಂದಳು.’

ನೀರಕ್ಕ ಅದನ್ನು ಓದಿಸಿಕೊಂಡಳು.

“ನಮ್ಮಜ್ಜಿ ಕಣೇ ಅದು. ಅವಳ ಸೊಂಟಕ್ಕೆ ಒಂದು ಕೊಡ ಕೊಡು, ಸಾಕು.”

“ಅತ್ತೆ, ಅದು ಕಲ್ಪನೆಯ ಲೋಕ. ಅಲ್ಲಿ ಯಾರೂ ನಮ್ಮೋರಲ್ಲ.”

“ಹೆಸರು ನಮ್ಮದಲ್ಲ. ತಟ್ಟೋ ಕೈ ನಮ್ಮದೇ.”

ಆಗ ನೀರಕ್ಕ ಅಲ್ಲಿಯವರೆಗೆ ಯಾರ ಮುಂದೆಯೂ ಆಡದ್ದನ್ನು ಹೇಳಿದಳು. ಅಜ್ಜಿಗೇ ಜ್ವರ ಬಂದಾಗ ಊರವರು ಹೊರಗಿನಿಂದ ಚಿಲಕ ಹಾಕಿದ್ದರು. “ದನಿ ಇರೋವರೆಗೂ ಒಳಗಿಂದ ತಟ್ಟಿದ್ಲಂತೆ, ನೀರು ನೀರು ಅಂತ. ಯಾರೂ ಬರಲಿಲ್ಲ. ಹೊರಗೆ ನಿಂತು ಅತ್ತೋಳು ನಮ್ಮಮ್ಮ. ಚಿಲಕ ಎಟುಕದಷ್ಟು ಚಿಕ್ಕೋಳು.”

ಹುಡುಗಿ ಕಣ್ಣೊರೆಸಿಕೊಂಡಳು. “ಆದ್ರೆ ಅತ್ತೆ, ಪುಸ್ತಕದಲ್ಲಿ ಆ ಮಾಟಗಾತಿ ಹಾಕೋ ಶಾಪದ ಮೇಲೇ ಮುಂದಿನ ಯುದ್ಧಗಳೆಲ್ಲ ನಿಂತಿವೆ. ಅವಳನ್ನ ತೆಗೆದ್ರೆ ನನ್ನ ಲೋಕವೇ ಕುಸಿಯುತ್ತೆ.”

“ನಮ್ಮಜ್ಜಿ ಹೋದಾಗ ಊರೇನೂ ಕುಸೀಲಿಲ್ಲ ಬಿಡು,” ಎಂದಳು ನೀರಕ್ಕ.

ಶವಾಗಾರದ ಮುಂದೆ ಈಗ ಬೆಳಕು ಹರಿಯುತ್ತಿದೆ. ನೀರಕ್ಕ ತೊಳೆದ ಬಕೆಟ್ಟನ್ನು ಬೋರಲು ಹಾಕಿ ಕೈ ಒರೆಸಿಕೊಳ್ಳುತ್ತಾಳೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದೆ.

“ಆಸೆ ಏನಣ್ಣಾ? ಒಳಗೆ ಒಬ್ರು ಉಸಿರಾಡ್ತಿದ್ದು, ನಾನು ತಟ್ಟದೇ ಹೋದೆ ಅಂತ ಆಗಬಾರದು. ಅಷ್ಟೇ.”

ತಮ್ಮನ ಮಗಳು ಗುರುವಾರ ಹಾಳೆ ಸುತ್ತಿಕೊಂಡು ಹೊರಟುಹೋದಳು. ಮೊದಲ ಸಾಲು ಹಾಗೆಯೇ ಇತ್ತು.