ಗೋಣಿ ಕಳೆದು ನಲವತ್ತೇಳೂ ಮುಕ್ಕಾಲು

‘ಟೀಚರ್, ನನ್ನ ತೂಕ ಸರಿ ಉಂಟು. ಆ ಹುಡುಗಿಯದ್ದು ಒಂದು ಕಿಲೋ ಮುನ್ನೂರು ಗ್ರಾಂ ಜಾಸ್ತಿ. ಎಂತ ಮಾಡುವುದು?’

ಕಳೆದ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಮುಂಬಯಿಯಿಂದ ಬಂದ ಫೋನು ಇದು. ನಾನು ಆಗ ಫರಂಗಿಪೇಟೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಾ ನಿಂತಿದ್ದೆ. ‘ಬೇಡ! ಬೇಡವೇ ಬೇಡ! ಬ್ಯಾಗು ಕಟ್ಟಿ ಊರಿಗೆ ಬಾ!’ ಎಂದು ಕಿರುಚಿದೆ. ಮೀನಿನ ಹೆಂಗಸು ಬೆಚ್ಚಿಬಿದ್ದು ಎರಡು ಬಂಗುಡೆ ಜಾಸ್ತಿ ಹಾಕಿದಳು. (ಇಪ್ಪತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳ ಗಂಟಲು ಅದು. ಇಷ್ಟಾದರೂ ಉಪಯೋಗ ಬೇಡವೇ?)

ಫೋನು ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ ಹರಿಣಾಕ್ಷಿ. ಹರಿಣಾಕ್ಷಿ ಎಂದರೆ ಜಿಂಕೆಯ ಕಣ್ಣಿನವಳು. ಎಡಗಣ್ಣಿನ ಮೇಲೆ ಐದು ಹೊಲಿಗೆಯ ಗುರುತಿದೆ. ವಯಸ್ಸು ಇಪ್ಪತ್ತನಾಲ್ಕು. ಕೆಲಸ, ಹೊಡೆಯುವುದು.

ಮೊದಲು ಬಾಕ್ಸಿಂಗ್ ಮಾಡುತ್ತಿದ್ದಳು. ಎರಡು ವರ್ಷದಿಂದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಅಂದರೆ ಗುದ್ದುವುದು, ಒದೆಯುವುದು, ಹಿಡಿದು ಬೀಳಿಸುವುದು, ಕೈಕಾಲು ತಿರುಚುವುದು, ಎಲ್ಲವೂ ಒಂದೇ ಆಟದಲ್ಲಿ. ಬಾಕ್ಸಿಂಗಿನಲ್ಲಿ ಬಿದ್ದವರನ್ನು ಹೊಡೆಯುವ ಹಾಗಿಲ್ಲ. ಇಲ್ಲಿ ಬಿದ್ದ ಮೇಲೆಯೇ ಆಟ ಶುರು. ಈ ವ್ಯತ್ಯಾಸ ಅರ್ಥವಾಗುವಷ್ಟರಲ್ಲಿ ಹರಿಣಾಕ್ಷಿ ಎರಡು ಪಂದ್ಯ ಸೋತಿದ್ದಳು.

ಇದು ಮೂರನೆಯದು. ಅವಳ ತೂಕದಲ್ಲಿ ಆಡುವ ಹುಡುಗಿಯರು ಈ ದೇಶದಲ್ಲಿ ಬೆರಳೆಣಿಕೆ. ಒಂದು ಪಂದ್ಯ ಸಿಗಬೇಕಾದರೆ ವರ್ಷ ಕಾಯಬೇಕು. ಇದೂ ಹೋದರೆ ಇನ್ನು ಕರೆಯುವುದಿಲ್ಲ ಎಂದು ಅವಳ ಕೋಚ್ ಮುಖಕ್ಕೇ ಹೇಳಿಬಿಟ್ಟಿದ್ದ.

ತೂಕ ಇಳಿಸಲು ಮೂರು ದಿನ ಬರೀ ಬೇಯಿಸಿದ ಮೊಟ್ಟೆ ತಿಂದು, ಕೊನೆಯ ದಿನ ನೀರನ್ನೂ ಬಿಟ್ಟು, ಹೇಗೋ ಸರಿಯಾದ ತೂಕಕ್ಕೆ ಬಂದಿದ್ದಾಳೆ. ನೋಡಿದರೆ ಎದುರಾಳಿಯದ್ದೇ ಹೆಚ್ಚು! ನಿಯಮದ ಪ್ರಕಾರ ಇವಳು ಒಪ್ಪಿದರೆ ಮಾತ್ರ ಪಂದ್ಯ. ಒಲ್ಲೆ ಎಂದರೆ ಯಾರೂ ತಪ್ಪು ಹೇಳುವುದಿಲ್ಲ. ಮಧ್ಯಾಹ್ನ ಹನ್ನೆರಡರೊಳಗೆ ತಿಳಿಸಬೇಕು.

ಹೊಟ್ಟೆ ಖಾಲಿ ಬಿಟ್ಟವಳು ಹೊಟ್ಟೆ ತುಂಬಿದವಳ ಜೊತೆ ಯಾಕೆ ಸೆಣಸಬೇಕು? ನೀವಾದರೂ ಹೇಳಿ, ನಾನು ಬೇಡ ಎಂದದ್ದು ತಪ್ಪೇ?

ಅದಲ್ಲದೆ, ತೂಕದ ವಿಷಯದಲ್ಲಿ ಒಮ್ಮೆ ನಾನು ಕೈ ಸುಟ್ಟುಕೊಂಡಿದ್ದೇನೆ. ಸುಟ್ಟದ್ದು ನನ್ನ ಕೈ, ಮುರಿದದ್ದು ಇವಳ ಮೂಗು.

ಏಳು ವರ್ಷದ ಹಿಂದಿನ ಮಾತು. ನಾನು ಹತ್ತು ದಿನದ ತರಬೇತಿ ಶಿಬಿರಕ್ಕೆ ಹೋಗಿ, ಎರಡು ಜೊತೆ ಗ್ಲೌಸ್ ಹಿಡಿದುಕೊಂಡು ಬಂದಿದ್ದೆ. ಶಾಲೆಯ ಕಬಡ್ಡಿ ತಂಡದಿಂದ ‘ಹೊಡೀತಾಳೆ’ ಎಂಬ ದೂರಿನ ಮೇಲೆ ಹೊರಬಿದ್ದ ಹರಿಣಾಕ್ಷಿಯ ಕೈಗೆ ಒಂದು ಜೊತೆ ಹಾಕಿದೆ. ಮೊದಲ ಗುದ್ದಿಗೇ ನಾನು ಎರಡು ಹೆಜ್ಜೆ ಹಿಂದೆ ಹೋಗಿ ಬೆಂಚಿನ ಮೇಲೆ ಕುಳಿತೆ. ಇವಳನ್ನು ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ರಾಜ್ಯ ಮಟ್ಟದ ಆಯ್ಕೆ ಬೆಂಗಳೂರಿನಲ್ಲಿ. ನಲವತ್ತೆಂಟು ಕಿಲೋ ವಿಭಾಗ. ಶಾಲೆಯಲ್ಲಿ ತೂಕ ನೋಡಲು ಏನೂ ಇರಲಿಲ್ಲ. ನಮ್ಮಲ್ಲಿ ಅಡಿಕೆ, ಗೇರುಬೀಜ, ಕಾಳುಮೆಣಸು ಕೊಳ್ಳುವ ಅಂಗಡಿಗೆ ಕಾಡುತ್ಪತ್ತಿ ಅಂಗಡಿ ಎನ್ನುತ್ತಾರೆ. ಬಂಟ್ವಾಳ ಪೇಟೆಯ ಅಂಥ ಒಂದು ಅಂಗಡಿಗೆ ಹುಡುಗಿಯನ್ನು ಕರೆದುಕೊಂಡು ಹೋದೆ. ಮಾಲೀಕರು ಹಸನ್ ಬ್ಯಾರಿ. ಬಹಳ ಒಳ್ಳೆಯ ಮನುಷ್ಯ. ಮೂಟೆ ತೂಗುವ ಸ್ಕೇಲಿನ ಮೇಲೆ ಇವಳನ್ನು ನಿಲ್ಲಿಸಿ, ಮುಳ್ಳು ನೋಡಿ ಗಟ್ಟಿಯಾಗಿ ಹೇಳಿದರು, ‘ನಲವತ್ತೇಳೂ ಮುಕ್ಕಾಲು!’

ಕಾಲು ಕಿಲೋ ಉಳಿತಾಯ! ನನ್ನ ಖುಷಿ ಕೇಳಬೇಕೇ? ಬಸ್ಸು ಹತ್ತುವ ಮೊದಲು ನಾನೇ ಕೈಯಾರೆ ಅವಳಿಗೆ ಎರಡು ಬನ್ಸ್ ತಿನ್ನಿಸಿದೆ.

ಬೆಂಗಳೂರಿನ ತೂಕದ ಯಂತ್ರ ನಲವತ್ತೆಂಟೂ ಮುಕ್ಕಾಲು ಎಂದಿತು. ಯಂತ್ರವೇ ಸರಿಯಿಲ್ಲ ಎಂದು ನಾನು ಜಗಳಕ್ಕೆ ನಿಂತೆ. ಅಲ್ಲಿದ್ದ ಅಧಿಕಾರಿ ನನ್ನನ್ನೇ ಅದರ ಮೇಲೆ ಹತ್ತಿಸಿದರು. (ಬಂದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಯಂತ್ರ ಸರಿಯಾಗಿತ್ತು.) ತೂಕ ಇಳಿಸಲು ಒಂದು ಗಂಟೆ ಸಮಯ ಕೊಟ್ಟರು. ನನ್ನ ರೈನ್‌ಕೋಟು ಹಾಕಿಕೊಂಡು ಆ ಹುಡುಗಿ ಮೈದಾನದ ಸುತ್ತ ಓಡಿದಳು, ಓಡಿದಳು, ಓಡುತ್ತಲೇ ಇದ್ದಳು. ಕೊನೆಯ ಇನ್ನೂರು ಗ್ರಾಂ ಮಾತ್ರ ಇಳಿಯಲೇ ಇಲ್ಲ.

ಬೇಕಾದರೆ ಮೇಲಿನ ವಿಭಾಗದಲ್ಲಿ ಆಡಲಿ ಎಂದರು. ಅಲ್ಲಿ ಮೊದಲ ಎದುರಾಳಿ ನಾಲ್ಕು ವರ್ಷ ದೊಡ್ಡವಳು, ಹಿಂದಿನ ಸಲ ಗೆದ್ದವಳು. ನಾನು ‘ವಾಪಸ್ ಹೋಗುವ’ ಎಂದೆ. ನನಗೆ ಅಳು ಬಂದಿತ್ತು.

‘ನಾವು ಬಂದದ್ದು ಹೊಡೀಲಿಕ್ಕೆ ಅಲ್ವಾ ಟೀಚರ್? ತೂಗ್ಲಿಕ್ಕೆ ಅಲ್ಲವಲ್ಲ?’ ಎಂದಳು ಹರಿಣಾಕ್ಷಿ.

ಮೂರು ಸುತ್ತು ನಿಂತಳು. ಎರಡನೆಯ ಸುತ್ತಿನಲ್ಲೇ ಮೂಗಿನ ಮೂಳೆ ಮುರಿದಿತ್ತು. ಸೋತಳು. ಆದರೆ ಆಯ್ಕೆದಾರರಲ್ಲಿ ಒಬ್ಬರು ಅವಳ ಹೆಸರು, ಊರು ಕೇಳಿ ಬರೆದುಕೊಂಡರು.

ಊರಿಗೆ ಬಂದವಳೇ ನಾನು ಸೀದಾ ಅಂಗಡಿಗೆ ಹೋಗಿ ಹಸನ್ ಬ್ಯಾರಿಯವರನ್ನು ತರಾಟೆಗೆ ತೆಗೆದುಕೊಂಡೆ. ಅವರ ಮುಖ ಬಿಳಿಚಿಕೊಂಡಿತು.

‘ಅಲ್ಲ ಟೀಚರೇ, ಅದು ಗೋಣಿ ಕಳೆದು ಹೇಳಿದ್ದು!’

‘ಯಾವ ಗೋಣಿ ಬ್ಯಾರಿಗಳೇ? ನಾನೇನು ಹುಡುಗಿಯನ್ನು ಗೋಣಿಯಲ್ಲಿ ಕಟ್ಟಿ ತಂದಿದ್ದೆನಾ?’

‘ಯಾ ಅಲ್ಲಾ! ಬಾಯಿಗೆ ಅಭ್ಯಾಸ ಆಗಿ ಹೋಗಿದೆ ಮಾರಾಯ್ರೇ. ಮೂವತ್ತು ವರ್ಷ ಆಯಿತು. ಮುಳ್ಳು ನೋಡಿದ ಕೂಡ್ಲೇ ಗೋಣಿಗೆ ಒಂದು ಕಿಲೋ ಕಳೆದೇ ಬಾಯಿಗೆ ಬರುವುದು.’

ಸಿಟ್ಟು ಎಲ್ಲಿ ಹೋಯಿತೋ. ಇಬ್ಬರೂ ತಲೆಯ ಮೇಲೆ ಕೈಹೊತ್ತು ಕುಳಿತೆವು. ಮರುವಾರ ಅವರು ಶಾಲೆಗೇ ಬಂದರು. ಹಳೇ ಬಟ್ಟೆ, ತೆಂಗಿನ ನಾರು ತುಂಬಿ ಹೊಲಿಸಿದ ದೊಡ್ಡ ಗೋಣಿ ಚೀಲವೊಂದನ್ನು ಆಟೋದಿಂದ ಇಳಿಸಿ, ‘ಅವತ್ತು ಕಳೆದ ಗೋಣಿ ಇದು. ತಕೊ ಮಗಳೇ, ಇದಕ್ಕೆ ಹೊಡಿ’ ಎಂದರು. ಮಾವಿನ ಮರಕ್ಕೆ ಕಟ್ಟಿದ ಆ ಚೀಲವನ್ನು ಹೊಡೆದು ಹೊಡೆದೇ ಹರಿಣಾಕ್ಷಿ ಬಾಕ್ಸರ್ ಆದದ್ದು. ಪ್ರತಿ ಸೋಮವಾರ ಅವರ ಅಂಗಡಿಯಲ್ಲಿ ತೂಕ. ‘ಗೋಣಿ ಇಲ್ಲದೆ ನಲವತ್ತೆಂಟು!’ ಎಂದು ಬ್ಯಾರಿಗಳು ಕೂಗಿದರೆ ಇಡೀ ಪೇಟೆಗೆ ಕೇಳುತ್ತಿತ್ತು.

ಆಮೇಲೆ ಐದು ವರ್ಷ ಬಾಕ್ಸಿಂಗ್. ರಾಷ್ಟ್ರ ಮಟ್ಟದಲ್ಲಿ ಎರಡು ಕಂಚು. ಬೆಳ್ತಂಗಡಿಯಲ್ಲಿ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ. ವೇದಿಕೆಯ ಮೇಲಿದ್ದ ಗಣ್ಯರೊಬ್ಬರು, ‘ಇಷ್ಟು ಸಾಧನೆ ಸಾಕು, ಇನ್ನು ಒಳ್ಳೆಯ ಗೃಹಿಣಿಯಾಗಲಿ’ ಎಂದು ಹಾರೈಸಿದರು. ನಾನು ಚಪ್ಪಾಳೆ ತಟ್ಟಲಿಲ್ಲ. ಕೆಲಸ ಕೇಳಿದರೆ, ಕ್ರೀಡಾ ಕೋಟಾದ ಪಟ್ಟಿಯಲ್ಲಿ ಹೆಂಗಸರ ಬಾಕ್ಸಿಂಗ್ ಇಲ್ಲ ಎಂದರು. ಕಬಡ್ಡಿ ಇದೆಯಂತೆ. ಅದರಿಂದ ಇವಳನ್ನು ಹೊರಗೆ ಹಾಕಿದವಳು ನಾನೇ!

ಮೂಡುಬಿದಿರೆಯಿಂದ ಒಂದು ಸಂಬಂಧ ಬಂತು. ಹುಡುಗನ ಅಮ್ಮ ಮೆಲ್ಲಗೆ ಕೇಳಿದರಂತೆ, ‘ಸಿಟ್ಟು ಬಂದ್ರೆ ಹೊಡೀತಾಳಾ?’ ಹರಿಣಾಕ್ಷಿಯ ಅಮ್ಮ ಸರೋಜಕ್ಕ ಫರಂಗಿಪೇಟೆಯಲ್ಲಿ ಹೋಟೆಲ್ ನಡೆಸುವ ಗಟ್ಟಿಗಿತ್ತಿ. ಗಂಡ ಬಹರೈನಿನಲ್ಲಿ. ‘ಇಲ್ಲಪ್ಪ, ಬೆಲ್ಲು ಹೊಡೆದ್ರೆ ಮಾತ್ರ’ ಎಂದರಂತೆ. ಸಂಬಂಧ ಅಲ್ಲಿಗೇ ನಿಂತಿತು.

ಕೊನೆಗೆ ಹರಿಣಾಕ್ಷಿ ಮುಂಬಯಿಗೆ ಹೋಗಿ ಜಿಮ್ಮೊಂದರಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುವ ಕೆಲಸಕ್ಕೆ ಸೇರಿದಳು. ಈ ಹೊಸ ಆಟ ಕಂಡದ್ದು ಅಲ್ಲೇ. ಬಾಕ್ಸಿಂಗಿನಲ್ಲಿ ಹೆಸರು ಮಾಡಿದವಳು ಹದಿನಾರು, ಹದಿನೇಳರ ಮಕ್ಕಳ ಜೊತೆ ಚಾಪೆಯ ಮೇಲೆ ಬಿದ್ದು, ಎದ್ದು, ಕುಸ್ತಿಯನ್ನು ಒಂದನೇ ಕ್ಲಾಸಿನಿಂದ ಕಲಿತಳು. ನಾಚಿಕೆ ಆಗಲಿಲ್ಲವೇ ಎಂದು ಕೇಳಿದ್ದೆ. ‘ಆಗ್ತದೆ ಟೀಚರ್. ಆದ್ರೆ ಕಲಿಯದಿದ್ರೆ ಪೆಟ್ಟು ಆಗ್ತದಲ್ಲ’ ಎಂದಿದ್ದಳು.

ಈಗ ಶನಿವಾರಕ್ಕೆ ಬರುತ್ತೇನೆ. ಬಂಗುಡೆಯ ಚೀಲ ಹಿಡಿದುಕೊಂಡೇ ಸರೋಜಕ್ಕನ ಹೋಟೆಲಿಗೆ ಓಡಿದೆ. ವಿಷಯ ಹೇಳಿದೆ.

‘ನೀವು ಎಂತ ಹೇಳಿದ್ರಿ ಟೀಚರ್?’

‘ಬೇಡ ಅಂತ ಹೇಳಿದ್ದೇನೆ.’

‘ಹಾಗಾದ್ರೆ ಅವಳು ಹೊಡೀಲಿಕ್ಕೆ ಹೋಗ್ತಾಳೆ’ ಎಂದು ಸರೋಜಕ್ಕ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಎಣ್ಣೆಯಲ್ಲಿದ್ದ ಗೋಳಿಬಜೆ ಅಷ್ಟೂ ಕರಟಿತು. ಗಟ್ಟಿಗಿತ್ತಿ ಎಂದು ನಾನು ಈಗಷ್ಟೇ ಬರೆದೆನಲ್ಲ, ಆ ಹೆಂಗಸಿಗೆ ಒಲೆ ಆರಿಸುವ ನೆನಪೂ ಬರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನು. ‘ಒಪ್ಪಿದೆ ಟೀಚರ್. ನಾಳೆ ಸಂಜೆ.’

ಭಾನುವಾರ ಸಂಜೆ ಹೋಟೆಲಿಗೆ ಅರ್ಧ ಬಾಗಿಲು. ಮೇಜಿನ ಮೇಲೆ ಮೊಬೈಲು, ಆಚೆ ಸರೋಜಕ್ಕ, ಈಚೆ ನಾನು. ಮೂರು ಚಾ ಕುಡಿದೆ. ಸರೋಜಕ್ಕ ಅಗತ್ಯವೇ ಇಲ್ಲದೆ ಒಂದು ಬುಟ್ಟಿ ಈರುಳ್ಳಿ ಹೆಚ್ಚಿದರು. ಅಳುವುದಕ್ಕೆ ಒಂದು ನೆಪ ಬೇಕಿತ್ತೋ ಏನೋ. ನಾನೂ ಸಹಾಯ ಮಾಡುವ ಹಾಗೆ ಹತ್ತಿರ ಹೋಗಿ ಕುಳಿತೆ.

ಏಳೂವರೆಗೆ ಫೋನು ಹೊಡೆದುಕೊಂಡಿತು. ಹರಿಣಾಕ್ಷಿ.

ಮೊದಲ ಸುತ್ತು ಪೂರ್ತಿ ಇವಳು ಕೆಳಗೆ, ಆ ಹುಡುಗಿ ಮೇಲೆ. ಆ ಒಂದು ಕಿಲೋ ಮುನ್ನೂರು ಗ್ರಾಂ ಎದೆಯ ಮೇಲೆ ಕುಳಿತ ಹಾಗೆ ಆಯಿತಂತೆ. ಎರಡನೆಯ ಸುತ್ತಿನಲ್ಲಿ ಮತ್ತೆ ಕೆಳಗೆ ಬಿದ್ದಳು. ಆದರೆ ಬೀಳುವಾಗಲೇ ಎದುರಾಳಿಯ ಮೊಣಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎಳೆದಳು. ಈ ಆಟದಲ್ಲಿ ಸೋಲೊಪ್ಪಲು ಎದುರಾಳಿಯ ಮೈಯನ್ನು ಕೈಯಿಂದ ತಟ್ಟಬೇಕು. ಆ ಹುಡುಗಿ ತಟ್ಟಿದಳು.

‘ಗೆದ್ದೆ ಟೀಚರ್!’

ಸರೋಜಕ್ಕ ಫೋನು ಕಿತ್ತುಕೊಂಡು, ‘ಹಲ್ಲೆಲ್ಲಾ ಉಂಟಾ?’ ಎಂದು ಕೇಳಿದರು. ಎಲ್ಲಾ ಇತ್ತು.

ಮತ್ತೆ ಫೋನು ನನ್ನ ಕೈಗೆ ಬಂದಾಗ ನನ್ನ ಹಳೇ ಸಿಟ್ಟು ನೆತ್ತಿಗೇರಿತು. ‘ಬೇಡ ಅಂದ್ರೂ ಹೋಗುವವಳು ನನ್ನನ್ನು ಕೇಳಿದ್ದು ಯಾಕೆ? ನಿನ್ನೆಯಿಂದ ನನಗೆ ನಿದ್ದೆ ಇಲ್ಲ, ಗೊತ್ತುಂಟಾ?’

ಅವಳ ಏದುಸಿರು ಕೇಳುತ್ತಿತ್ತು.

‘ನನಗೆ ಹೆದರಿಕೆ ಉಂಟಾ ಅಂತ ನನಗೇ ಗೊತ್ತಾಗ್ತಾ ಇರಲಿಲ್ಲ ಟೀಚರ್. ನೀವು ಬೇಡ ಅಂದಾಗ ನನಗೆ ಸಮಾಧಾನ ಆಗ್ತದಾ ಅಂತ ನೋಡಿದೆ. ಆಗಲಿಲ್ಲ. ಸಿಟ್ಟು ಬಂತು.’

ಕಳೆದ ಬಾರಿ ಯಾರೋ ನಿಮಗೆ ‘ಬೇಡ, ಬಿಟ್ಟುಬಿಡು’ ಎಂದರಲ್ಲ, ಆಗ ನಿಮಗೆ ಆದದ್ದು ಯಾವುದು, ಸಮಾಧಾನವೋ ಸಿಟ್ಟೋ?